ಕಾಲರ್ ಇಲ್ಲದ ಊರಿನಲ್ಲಿ ಕಾಲರ್ ಕತ್ತರಿಸಿದ ದೇಜಪ್ಪ

ನಾಲ್ಕು ಗಜ ಜಪಾನಿ ಬಟ್ಟೆಗೆ ಮೂರು ರಿಯಾಲ್ ಇನ್ನೂರು ಬೈಸ. ಹೊಲಿಗೆಗೆ ಎರಡೂವರೆ ರಿಯಾಲ್. ಕತ್ತಿನ ಗೊಂಡೆ, ನೂಲು, ಇಸ್ತ್ರಿ ಸೇರಿ ಮುನ್ನೂರು ಬೈಸ. ಹೀಗೆ ಆರು ರಿಯಾಲಿಗೆ, ಅಂದರೆ ನಮ್ಮ ನಾನೂರು ರೂಪಾಯಿಗೂ ಮೇಲೆ, ಒಂದು ದಿಶ್ದಾಶ ಆಗುತ್ತದೆ. ಒಮಾನಿನ ಗಂಡಸರು ತೊಡುವ, ಪಾದದವರೆಗೆ ಇಳಿಯುವ ಬಿಳಿ ಅಂಗಿಯದು. ಅಂಥದೊಂದಕ್ಕೆ ತಂದ ಬಟ್ಟೆ ಈ ಸೋಮವಾರ ಬೆಳಗ್ಗೆ ಐದೂವರೆಗೆ ವಾದಿ ಕಬೀರ್‌ನ ಹೊಲಿಗೆ ಅಂಗಡಿಯ ಮೇಜಿನ ಮೇಲೆ ಹಾಳಾಗಿ ಬಿದ್ದಿದೆ. ಅದನ್ನು ಹಾಳು ಮಾಡಿದವರು ಅಂಗಡಿಯ ಹಿರಿಯ ದರ್ಜಿ, ಕಿನ್ನಿಗೋಳಿ ಕಡೆಯ ದೇಜಪ್ಪ.

ಶಟರ್ ಅರ್ಧ ಮಾತ್ರ ಎತ್ತಿದೆ. ಪಕ್ಕದ ಗ್ಯಾರೇಜುಗಳು ಇನ್ನೂ ಬಾಗಿಲು ತೆರೆದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ದೇಜಪ್ಪ ಬಟ್ಟೆಯನ್ನು ಎರಡು ಸಲ ತಿರುವಿ ನೋಡುತ್ತಾರೆ. ಒಮಾನಿ ದಿಶ್ದಾಶಕ್ಕೆ ಕಾಲರ್ ಇಲ್ಲ. ದುಂಡನೆಯ ಕತ್ತು, ಅದರ ಪಕ್ಕಕ್ಕೆ ಜೋಲುವ ಒಂದು ಗೊಂಡೆ. ಕುವೈತಿನದಕ್ಕೆ ಕಾಲರ್ ಬೇಕು, ಗುಂಡಿಗಳಿಗೆಂದು ಎದೆಯ ಮಧ್ಯಕ್ಕೆ ಸೀಳು ಬೇಕು. ನಿನ್ನೆ ಸಂಜೆ ದೇಜಪ್ಪನವರ ಕತ್ತರಿ ಕುವೈತಿನ ಸೀಳನ್ನೇ ಹಾಕಿದೆ. ಹೊಲಿದು ಮುಚ್ಚಿದರೂ ಮುಚ್ಚದ ಸೀಳು ಅದು. ಅಂಗಿ ಬೇಕಾದದ್ದು ಸುವೈಕ್‌ನ ಮದುಮಗನೊಬ್ಬನಿಗೆ, ಅದೂ ಇವತ್ತು ಸಂಜೆಗೆ.

"ದೇಜಣ್ಣ, ಈ ಮದುಮಗ ಕುವೈತಲ್ಲಿ ಎಲೆಕ್ಷನಿಗೆ ನಿಂತಿದ್ದಾನಾ ಎಂಥದು?" ಎಂದು ಕೇಳುತ್ತಾರೆ ಕಾಜ ಹೊಲಿಯುವ ಫೌಸ್ಟಿನ್.

"ಬಾಯಿ ಮುಚ್ಚು ಮಾರಾಯ. ಬಟ್ಟೆಯ ದುಡ್ಡು ನನ್ನ ಸಂಬಳದಲ್ಲಿ ಹಿಡೀಲಿ."

"ದುಡ್ಡು ಹಿಡೀಬಹುದು. ನಿಮ್ಮ ಕೈ ಹಿಡಿಯುವುದು ಯಾರು? ಅದು ಇನ್ನೂ ಅಲ್ಲೇ ಉಂಟು."

ಫೌಸ್ಟಿನ್ ಹೇಳುವುದು ಸುಳ್ಳಲ್ಲ. ಇವತ್ತು 1992ರ ಅಕ್ಟೋಬರ್ ಐದು. ಯುದ್ಧ ಮುಗಿದ ಮೇಲೆ ಕುವೈತಿನಲ್ಲಿ ಮೊದಲ ಚುನಾವಣೆ. ದೇಜಪ್ಪನವರ ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡಿದ್ದ ಯಜಮಾನ, ಅಬು ಫಹದ್ ಅದರಲ್ಲಿ ನಿಂತಿದ್ದಾರೆ.

ದೇಜಪ್ಪನವರು ಊರು ಬಿಟ್ಟದ್ದು 1977ರಲ್ಲಿ. "ಆ ವರ್ಷ ವೋಟು ಹಾಕಿ, ಬೆರಳಿನ ಶಾಯಿ ಹೋಗುವ ಮೊದಲೇ ಬೊಂಬಾಯಿ ಬಸ್ ಹತ್ತಿದ್ದು. ಮತ್ತೆ ಎಲ್ಲಿಯೂ ವೋಟು ಹಾಕ್ಲಿಲ್ಲ," ಎನ್ನುತ್ತಾರೆ. ಕುವೈತಿನ ಸಾಲ್ಮಿಯದಲ್ಲಿ ಹದಿಮೂರು ವರ್ಷ ಹೊಲಿದರು. ಕೊನೆಗೆ ಏಳು ಮಿಷನ್ನಿನ ಅಂಗಡಿ. ಹೆಸರು ಅಬು ಫಹದ್ ಅವರದು, ದುಡಿಮೆ ಇವರದು, ಲಾಭ ಅರ್ಧರ್ಧ. 1990ರ ಆಗಸ್ಟಿನಲ್ಲಿ ಇರಾಕಿ ಸೈನ್ಯ ಒಳಗೆ ಬಂತು. ಏಳು ಮಿಷನ್ನುಗಳೂ ಒಂದೇ ಲಾರಿಯಲ್ಲಿ ಹೋದವು.

"ಐವತ್ತು ದಿನ ಅಂಗಡಿಯ ನಮ್ಮನ್ನೆಲ್ಲ ನೆಲಮಾಳಿಗೆಯಲ್ಲಿ ಇಟ್ಟು ಸಾಕಿದ್ದು ಉಮ್ಮ್ ಫಹದ್, ಅಬು ಫಹದ್ ಅವರ ಹೆಂಡತಿ. ಅವರ ಮನೆಯಲ್ಲೇ ಅಕ್ಕಿ ಕಡಿಮೆ. ಆದ್ರೂ ಮೊದಲು ನಮಗೆ ಬಡಿಸಿ ಮತ್ತೆ ಮಕ್ಕಳಿಗೆ," ಎಂದು ನೆನೆಯುತ್ತಾರೆ. ಆಮೇಲೆ ಬಸ್ಸಿನಲ್ಲಿ ಅಮ್ಮಾನ್, ಅಲ್ಲಿನ ಮರಳಿನಲ್ಲಿ ಡೇರೆ, ವಿಮಾನದಲ್ಲಿ ಬೊಂಬಾಯಿ. ಮನೆಯ ಅಂಗಳಕ್ಕೆ ಕಾಲಿಡುವಾಗ ಕೈಯಲ್ಲಿದ್ದದ್ದು ಒಂದು ಕತ್ತರಿ, ಒಂದು ಟೇಪು. ಮರುವರ್ಷ ಒಮಾನಿಗೆ ಬಂದರು.

ಇಲ್ಲಿ ದಿನಕ್ಕೆ ಐದು ಅಂಗಿ, ಈದ್ ಹತ್ತಿರವಾದರೆ ಹತ್ತು. ಬೆಳಗ್ಗೆ ಐದರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಹತ್ತು. ಅಳತೆ ಬರೆದಿಡುವ ಅಭ್ಯಾಸ ಇವರಿಗಿಲ್ಲ. ಒಮ್ಮೆ ಟೇಪು ಹಿಡಿದ ಮೈಯನ್ನು ಮರೆಯುವುದಿಲ್ಲ.

ಹೋದ ತಿಂಗಳು ಅಬು ಫಹದ್ ಫೋನ್ ಮಾಡಿದರು. ಗೆದ್ದರೆ ಸಾಲ್ಮಿಯದ ಅಂಗಡಿ ಮತ್ತೆ ತೆರೆಯುತ್ತಾರೆ, ವೀಸಾ ತಾವೇ ಮಾಡಿಸುತ್ತಾರೆ, ಅರ್ಧ ಪಾಲು ಮೊದಲಿನಂತೆಯೇ. ಸೋತರೆ ಊರ ಹೊರಗಿನ ತೋಟಕ್ಕೆ ಹೋಗಿ ಸುಮ್ಮನಿರುತ್ತಾರೆ. ಫಲಿತಾಂಶ ನಾಳೆ ಬೆಳಗ್ಗೆ. ತೊಡಕೇನೆಂದರೆ, ದೇಜಪ್ಪನವರ ಒಮಾನಿ ವೀಸಾ ಮುಗಿಯುವುದೂ ನಾಳೆಯೇ. ಇಲ್ಲಿನ ಕಫೀಲ್ ಖಲ್ಫಾನ್ ಇವತ್ತು ಒಂದು ಗಂಟೆಗೆ ಫಾರ್ಮು ತರುತ್ತಾರೆ. ಸಹಿ ಹಾಕಿದರೆ ಇನ್ನೆರಡು ವರ್ಷ ಇಲ್ಲೇ. ಹಾಕದಿದ್ದರೆ ಕ್ಯಾನ್ಸಲ್, ಎರಡು ವರ್ಷ ಮತ್ತೆ ಒಮಾನಿಗೆ ಕಾಲಿಡುವಂತಿಲ್ಲ.

"ಅವರು ಗೆಲ್ಬೇಕು ಅಂತ ಉಂಟು. ಗೆದ್ದರೆ ಅಂತ ಹೆದರಿಕೆಯೂ ಉಂಟು," ಎನ್ನುತ್ತಾ ದೇಜಪ್ಪ ಹೊಸ ಬಟ್ಟೆಯ ಮೇಲೆ ಚಾಕಿನ ಗೆರೆ ಎಳೆಯುತ್ತಾರೆ, ಈ ಸಲ ದುಂಡಗೆ. "ಮನೆ ಮುಂದೆ ಪ್ರಚಾರಕ್ಕೆ ಗುಡಾರ ಹಾಕಿದ್ದಾರಂತೆ. ಯಾರು ಬೇಕಾದ್ರೂ ಬಂದು ಯಾರನ್ನು ಬೇಕಾದ್ರೂ ಪ್ರಶ್ನೆ ಕೇಳ್ಬಹುದಂತೆ. ಕೇಳ್ಲಿಕ್ಕೆ ಚಂದ. ಆದ್ರೆ ಸೋತವರು ಸುಮ್ಮನೆ ಇರ್ತಾರಾ? ಗಡಿಯಾಚೆಯವರು ಇರ್ತಾರಾ? ನಮಗೆ ಅನ್ನ ಹಾಕಿದ ಉಮ್ಮ್ ಫಹದಿಗೆ ವೋಟೇ ಇಲ್ಲ. ಹೆಂಗಸರಿಗೆ ಅಲ್ಲಿ ಇನ್ನೂ ಕೊಟ್ಟಿಲ್ಲ."

ಹೆಂಡತಿ ಹರಿಣಾಕ್ಷಿಯವರ ಕಾಗದ ಮಿಷನ್ನಿನ ಡ್ರಾಯರಿನಲ್ಲಿದೆ. ಇರಾಕಿ ಸೈನ್ಯ ಬಂದ ವರ್ಷ ಐವತ್ತಮೂರು ದಿನ ಗಂಡ ಇದ್ದಾರೋ ಇಲ್ಲವೋ ತಿಳಿಯದೆ ಕಳೆದವರು ಅವರು. ಬರೆದಿರುವುದು ಇಷ್ಟೇ: "ಎಲ್ಲಿ ಬೇಕಾದ್ರೂ ಇರಿ. ರೇಡಿಯೋದಲ್ಲಿ ಹೆಸರು ಬಾರದ ಊರಲ್ಲಿ ಇರಿ."

ಹನ್ನೆರಡಕ್ಕೆ ಮದುಮಗನ ಅಂಗಿ ಮುಗಿಯುತ್ತದೆ. ಒಂದಕ್ಕೆ ಸರಿಯಾಗಿ ಕಾರಿನ ಹಾರ್ನು. ಖಲ್ಫಾನ್ ಒಳಗೆ ಬಂದು ಫಾರ್ಮನ್ನು ಮೇಜಿನ ಮೇಲಿಡುತ್ತಾರೆ. "ಯಲ್ಲಾ, ಬೇಗ ದೇಜಪ್ಪ, ಕಚೇರಿ ಎರಡಕ್ಕೆ ಮುಚ್ಚುತ್ತದೆ. ಇರುತ್ತೀಯೋ, ಖಲಾಸೋ?"

ದೇಜಪ್ಪ ಕೈಯ ಚಾಕಿನ ಪುಡಿಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾರೆ. ದೇಜಪ್ಪ ಸಹಿ ಹಾಕುತ್ತಾರೆ.

ಮಂಗಳವಾರ ಏಳಕ್ಕೆ ಅಂಗಡಿಯ ಫೋನ್ ಬಡಿದುಕೊಳ್ಳುತ್ತದೆ. ಮಾತು ಅರಬ್ಬಿಯಲ್ಲಿ, ಆಮೇಲೆ ದೇಜಪ್ಪನವರೇ ಬಿಡಿಸಿ ಹೇಳಿದ್ದು ಹೀಗೆ.

"ಗೆದ್ದೆವು ದೇಜಪ್ಪ. ಐವತ್ತೆರಡು ವೋಟಿನ ಅಂತರ. ಯಾರೂ ಯಾರ ಮೇಲೂ ಕೈ ಮಾಡಲಿಲ್ಲ."

"ಮಬ್ರೂಕ್, ಅಬು ಫಹದ್."

"ಯಾವಾಗ ಬರ್ತಿ?"

"ನಿನ್ನೆ ಇಲ್ಲಿ ಸಹಿ ಹಾಕಿದೆ."

"ಒಂದು ದಿನ ಕಾಯ್ಲಿಕ್ಕೆ ಆಗ್ಲಿಲ್ವಾ?"

"ಹೆದರಿಕೆ ಆಯ್ತು."

"ನನಗೂ ಆಗಿತ್ತು. ನನಗೆ ಹೋಗ್ಲಿಕ್ಕೆ ಬೇರೆ ಊರಿಲ್ಲ."

ಅಷ್ಟರಲ್ಲಿ ಉಮ್ಮ್ ಫಹದ್ ಫೋನ್ ಕಸಿದುಕೊಂಡರಂತೆ. "ನೀನು ಬರುವುದು ಬಿಡುವುದು ಆಮೇಲೆ. ಮೊದಲ ದಿನ ಸಭೆಗೆ ಇವರು ಹಾಕುವ ದಿಶ್ದಾಶ ಯಾರು ಹೊಲಿಯುವುದು? ಇಲ್ಲಿನವರ ಕಾಲರ್ ನೋಡಿದ್ದೀಯಾ? ಕತ್ತಿಗೆ ಹಗ್ಗ ಕಟ್ಟಿದ ಹಾಗೆ."

ಫೋನ್ ಇಟ್ಟು ದೇಜಪ್ಪ ಮೊನ್ನೆ ಹಾಳಾದ ಬಟ್ಟೆಯನ್ನು ಮೇಜಿನ ಮೇಲೆ ಹರಡುತ್ತಾರೆ. ಅಬು ಫಹದ್ ಅವರ ಕತ್ತು ಹದಿನಾರು, ಎದೆ ನಲವತ್ತೆರಡು, ಎಡ ಭುಜ ಬಲಕ್ಕಿಂತ ಅರ್ಧ ಇಂಚು ತಗ್ಗು. ಮದುಮಗ ದಪ್ಪ, ಬದಿಗಳನ್ನು ಎರಡೆರಡು ಇಂಚು ಒಳಗೆ ಹಿಡಿದರೆ ಅಬು ಫಹದ್‌ಗೆ ಸರಿ. ಸೀಳು ಇರಬೇಕಾದಲ್ಲೇ ಇದೆ. ಮುಂದಿನ ವಾರ ಕುವೈತಿಗೆ ಹೋಗುವ ಒಬ್ಬರಿದ್ದಾರೆ, ಅವರ ಕೈಯಲ್ಲಿ ಕಳುಹಿಸಬಹುದು.

"ಅವರು ಎದ್ದು ನಿಂತು ಮಾತಾಡುವಾಗ ಕಾಲರ್ ಮಡಚಬಾರದು, ಅಷ್ಟು ಸಾಕು ನನಗೆ," ಎನ್ನುತ್ತಾರೆ.

ಬಟ್ಟೆ ಹಾಳಾಗಲಿಲ್ಲ. ಸಾಲ್ಮಿಯದ ಅಂಗಡಿ ಹೋಯಿತು, ಎರಡನೇ ಸಲ.