ಒಂದು ‘ಅಲ್ಲ’ಕ್ಕಾಗಿ

ವಸುಧಾಗೆ ಬೇಕಾಗಿದ್ದದ್ದು ಒಂದೇ ಒಂದು ‘ಅಲ್ಲ’. ಅದಕ್ಕಾಗಿ ಮೂರು ವಾರದಿಂದ ಎವರ್‌ಗ್ರೀನ್ ಬಡಾವಣೆಯಲ್ಲಿರುವ ನೊಮ್ಸಾ ಅವರ ಮನೆಗೆ ಎಡತಾಕುತ್ತಿದ್ದಳು. ನೊಮ್ಸಾ ಎಪ್ಪತ್ತು ದಾಟಿದ ಹೆಂಗಸು, ದಕ್ಷಿಣ ಆಫ್ರಿಕಾದ ಡರ್ಬನ್‌ನವರು, ಮನೆಮಾತು ಜುಲು. ವಸುಧಾ ಮೈಸೂರಿನವಳು, ಅವರಂತೆಯೇ ಪರದೇಶಕ್ಕೆ ಬಂದು ನೆಲೆಸಿದವಳು. ಇಪ್ಪತ್ತೆರಡು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಇನ್ನು ಸಾಕಪ್ಪಾ ಅಂತ ಕೈತೊಳೆದುಕೊಂಡು, ಐವತ್ತಮೂರನೇ ವಯಸ್ಸಿನಲ್ಲಿ ಭಾಷಾವಿಜ್ಞಾನ ಓದಲು ಹೊರಟವಳು. ಓದುವ ವಯಸ್ಸಲ್ಲಿ ಓದು ಬೇಡವಾಗಿತ್ತು, ಈಗ ನೋಡಿ ಹುಚ್ಚು!

ಮಾತಿನಲ್ಲಿ ಯಾವುದು ಮುಖ್ಯವೋ ಅದನ್ನು ಎಲ್ಲಿ ಕೂರಿಸುತ್ತಾರೆ ಅನ್ನುವುದು ಅವಳ ಪ್ರಾಜೆಕ್ಟು. ‘ಬೇಳೆ ನಾನು ತಂದೆ’ ಅನ್ನುವಾಗ ನಾವು ಆ ‘ನಾನು’ವನ್ನು ಕ್ರಿಯಾಪದದ ಮುಂದೆಯೇ ತಂದು ನಿಲ್ಲಿಸುತ್ತೇವೆ. ಜುಲು ಮತ್ತು ಅದರ ಬಾಂಟು ಕುಟುಂಬದ ದಾಯಾದಿಗಳಲ್ಲಿ ಎಷ್ಟೋ ಭಾಷೆಗಳು ಮುಖ್ಯವಾದದ್ದನ್ನು ಕ್ರಿಯಾಪದದ ಬೆನ್ನಿಗೇ ಅಂಟಿಸುತ್ತವೆ. ಇದನ್ನು ಹಿಡಿಯಲು ಚಿತ್ರ ತೋರಿಸಿ ಬೇಕೆಂದೇ ತಪ್ಪು ಕೇಳಬೇಕು. ಕಾಳು ಬೇಯಿಸುವವಳ ಚಿತ್ರ ಹಿಡಿದು “ಮಾಂಸ ಬೇಯಿಸ್ತಿದ್ದಾಳಾ?” ಅಂದರೆ, “ಅಲ್ಲ, ಕಾಳು” ಅಂತ ಅವರು ತಿದ್ದಬೇಕು.

ನೊಮ್ಸಾ ತಿದ್ದುವವರೇ ಅಲ್ಲ. ಚಿತ್ರ ನೋಡುವರು, ವಸುಧಾಳ ಮುಖ ನೋಡುವರು, “ಇರಬಹುದಮ್ಮ” ಅನ್ನುವರು. ಪ್ರತಿವಾರ ವಸುಧಾ ಒಯ್ಯುವ ಮೈಸೂರ್ ಪಾಕನ್ನು ಬಾಯ್ತುಂಬ ಹೊಗಳಿ, ಮುಂದಿನ ವಾರ ಡಬ್ಬಿ ತೊಳೆದು ಕೊಡುವರು.

ಶುಕ್ರವಾರದೊಳಗೆ ರೆಕಾರ್ಡಿಂಗು ಆಗದಿದ್ದರೆ ವಿಷಯ ಬದಲಿಸಿ ಎಂದುಬಿಟ್ಟರು ಪ್ರೊಫೆಸರು. ವಸುಧಾಗೆ ಅಳುವೇ ಬಂತು.

“ಅಲ್ವೇ ವಸು, ಮನೆಗೆ ಬಂದ ಗೆಸ್ಟಿಗೆ ನೀನು ಹೇಳಿದ್ದು ತಪ್ಪು ಅಂತ ಯಾರಾದ್ರೂ ಹೇಳ್ತಾರಾ? ನಿಮ್ಮಮ್ಮ ಹೇಳ್ತಿದ್ರಾ?” ಎಂದ ಗಂಡ ಶೇಷಗಿರಿ, ಡಿಶ್‌ವಾಷರಿಗೆ ತಟ್ಟೆ ಜೋಡಿಸುತ್ತ.

“ಹಾಲ್‌ನಲ್ಲಿ ಕೂತಾಗ ಹೇಳ್ತಿರ್ಲಿಲ್ಲ ಕಣ್ರೀ. ಅಡುಗೆಮನೇಲಿ ಮಾತ್ರ ಯಾರನ್ನೂ ಬಿಡ್ತಿರ್ಲಿಲ್ಲ.” ಹಾಗಂದವಳು ಕೈಲಿದ್ದ ಲೋಟ ಹಿಡಿದು ಅಲ್ಲೇ ನಿಂತುಬಿಟ್ಟಳು.

ಗುರುವಾರ ಚಿತ್ರಗಳನ್ನು ಮನೆಯಲ್ಲೇ ಬಿಟ್ಟು ಹೋದಳು. “ಇವತ್ತು ನಿಮ್ಮೂರಿನ ಕಾಳಿನ ಸಾರು ಹೇಳಿಕೊಡಿ. ಜುಲುನಲ್ಲೇ ಮಾತಾಡಿ, ರೆಕಾರ್ಡ್ ಮಾಡ್ಕೊಳ್ತೀನಿ” ಅಂದಳು. ನೊಮ್ಸಾ ಖುಷಿಯಿಂದ ಏಪ್ರನ್ ಕಟ್ಟಿಕೊಂಡರು. ಈರುಳ್ಳಿ ಬಿತ್ತು, ಕಾಳು ಬಿತ್ತು. ವಸುಧಾ ಸಕ್ಕರೆ ಡಬ್ಬಿಗೆ ಕೈಹಾಕಿ, ಚಮಚ ತುಂಬಿಸಿ, ಪಾತ್ರೆಯ ಮೇಲೆ ಹಿಡಿದಳು.

“ಹ್ಹಾಯಿ! ಸಿಫಾಕ ಉಸಾವೊತಿ!” ನೊಮ್ಸಾ ಮುಂಗೈಯನ್ನೇ ಹಿಡಿದುಬಿಟ್ಟರು. ಅಲ್ಲ, ನಾವು ಹಾಕೋದು ಉಪ್ಪು! ಉಪ್ಪಿನ ‘ಉಸಾವೊತಿ’ ಹಾಕುವ ‘ಸಿಫಾಕ’ದ ಬೆನ್ನಿಗೇ ಬಂದು ಕೂತಿತ್ತು.

ಆಮೇಲೆ ಕಟ್ಟೆ ಒಡೆಯಿತು. ಆ ಸೌಟಲ್ಲ, ಈ ಸೌಟು. ಈಗಲ್ಲ, ಆಮೇಲೆ ಕಲಕು. ಹತ್ತು ನಿಮಿಷ ಹೀಗೆ ಜಾಡಿಸಿದ ಮೇಲೆ ನೊಮ್ಸಾ ಎಚ್ಚೆತ್ತುಕೊಂಡು ಬಾಯಿಗೆ ಕೈ ಅಡ್ಡ ಹಿಡಿದರು. “ಅಯ್ಯೋ, ಬಂದವಳ ಮೇಲೆ ರೇಗಿಬಿಟ್ಟೆನಲ್ಲ!”

“ಸಕ್ಕರೆ ಬೇಕಂತಲೇ ತಗೊಂಡೆ. ನೀವು ಇಷ್ಟು ಬೈಯಲಿ ಅಂತಲೇ ಮೂರು ವಾರದಿಂದ ಕಾಯ್ತಿದ್ದೆ” ಎಂದಳು ವಸುಧಾ.

ನೊಮ್ಸಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಾಗಾದರೆ ಇದನ್ನೂ ಕೇಳಿಸ್ಕೋ. ಆ ಸಿಹಿ ಇನ್ನು ತರಬೇಡ, ನನಗೆ ಸೇರಲ್ಲ. ಖಾರದ್ದೇನಾದರೂ ತಾ.”

ವಸುಧಾಳ ಮುಖ ಒಂದು ಗಳಿಗೆ ಸಪ್ಪಗಾಯಿತು. ಮೈಸೂರ್ ಪಾಕಿನ ವಿಷಯದಲ್ಲಿ ಅವಳಿಗೆ ಕೊಂಚ ಜಂಬವಿತ್ತು. ಹೊರಡುವಾಗ ನೊಮ್ಸಾ ಹೋದ ವಾರದ ಡಬ್ಬಿ ತಂದುಕೊಟ್ಟರು. ಈ ಸಲ ಅದನ್ನು ತೊಳೆದಿರಲಿಲ್ಲ. ಮೈಸೂರ್ ಪಾಕು ಒಂದು ತುಂಡೂ ಮುಕ್ಕಾಗದೆ ಹಾಗೇ ಇತ್ತು.

ಕಾರಿನಲ್ಲಿ ಕೂತು, ಫ್ರೀವೇ ಹತ್ತುವ ಮೊದಲೇ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಹದವಾಗಿಯೇ ಇತ್ತು. ತನ್ನಿಂದ ಇನ್ನು ಯಾವುದನ್ನೂ ಅವರು ಮುಚ್ಚಿಡುವುದಿಲ್ಲ ಅನ್ನಿಸಿ ತುಂಬಾ ಸಂತೋಷವಾಯಿತು. ಶನಿವಾರ ಚಕ್ಕುಲಿ ಮಾಡಬೇಕು.