ಎರಡು ಹಳಿಗಳ ನಡುವಿನ ಮನೆಗಳು

ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವಳು ಗೆರೆಯಕ್ಕ. ಇಪ್ಪತ್ತೊಂಬತ್ತು ವರ್ಷದಿಂದ ನಕ್ಷೆಗಳ ಮೇಲೆ ಗೆರೆ ಎಳೆಯುವುದೇ ಅವಳ ಕೆಲಸ. ಅವಳಪ್ಪ ಬಡಗಿ. ಹಲಗೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಡುವುದು ಚಿಕ್ಕಂದಿನಲ್ಲೇ ಮಗಳ ಪಾಲಿಗೆ ಬಂದಿತ್ತು. "ನೀನು ತಪ್ಪಿದ್ರೆ ಗರಗಸಾನೂ ತಪ್ಪುತ್ತೆ ಮಗಾ" ಎಂದು ಅಪ್ಪ ಹೇಳಿ ಹೇಳಿ, ಆ ದಿಗಿಲು ಅವಳ ಮೈಗೇ ಹತ್ತಿಬಿಟ್ಟಿತ್ತು. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ವಾಪಸು ಓಡುವ ಹೆಂಗಸು ಅವಳು. ಏದುಸಿರು ಬಿಡುತ್ತ ಬಂದು ನೋಡಿದರೆ ಒಲೆ ಆರಿಯೇ ಇರುತ್ತಿತ್ತು.

ಆ ವರ್ಷ ಕಚೇರಿಗೆ ದೊಡ್ಡ ಕೆಲಸ ಬಂತು. ಸಂಸತ್ ಭವನ ಇದ್ದದ್ದು ಅವರ ಊರಲ್ಲೇ, ರಾಜಧಾನಿಯಲ್ಲಿ. ಆದರೆ ಅದರೊಳಗೆ ರಾಜಧಾನಿಯ ಪರವಾಗಿ ಕೂರುತ್ತಿದ್ದವರು ಒಬ್ಬರೇ ಒಬ್ಬ ಸದಸ್ಯರು. ಎಂದೋ ನಿಯಮ ಬರೆದವರು, ಪಕ್ಕದಲ್ಲೇ ಇರುವವರಿಗೆ ಹೆಚ್ಚು ಜನ ಯಾಕೆ, ಕಿಟಕಿಯಿಂದ ಕೂಗಿದರೂ ಕೇಳಿಸುತ್ತದಲ್ಲ ಅಂದುಕೊಂಡಿರಬೇಕು ಎಂದು ಊರವರು ಆಡಿಕೊಳ್ಳುತ್ತಿದ್ದರು. ಕೂಗಿ ಕೂಗಿ ಕಡೆಗೂ ಮೂರು ಸ್ಥಾನ ಸಿಕ್ಕಿತು. ಇದ್ದ ಒಂದು ಕ್ಷೇತ್ರವನ್ನು ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ಮಾಡಬೇಕಾಯಿತು. ಆ ಗೆರೆಗಳನ್ನು ಎಳೆದವಳು ಗೆರೆಯಕ್ಕ. ಕರಡು ಪ್ರಕಟವಾಯಿತು, ಆಕ್ಷೇಪಣೆಗೆ ಕೊಟ್ಟ ಗಡುವೂ ಮುಗಿಯಿತು. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂತಿಮ ಆದೇಶ ಸಂಸತ್ತಿನ ಮುಂದೆ ಬರುವುದಿತ್ತು. ಒಮ್ಮೆ ಅಲ್ಲಿ ಮಂಡನೆಯಾಯಿತೆಂದರೆ ಒಂದು ಚುಕ್ಕಿ ಬದಲಿಸಬೇಕಾದರೂ ಹೊಸ ಕಾನೂನೇ ಬೇಕು.

ಮಂಗಳವಾರ ಮಧ್ಯಾಹ್ನ ವಿಚಾರಣೆ ಕಿಟಕಿಯ ಗುಮಾಸ್ತೆ ರಜೆಯಲ್ಲಿದ್ದಳೆಂದು ಗೆರೆಯಕ್ಕ ಅಲ್ಲಿ ಕೂತಿದ್ದಳು. ಬೀಗ ರಿಪೇರಿ ಮಾಡುವವನೊಬ್ಬ ಬಂದ. ಬೆರಳ ಸಂದಿಗಳಲ್ಲಿ ಎಣ್ಣೆಯ ಕಪ್ಪು, ಕೈಯಲ್ಲಿ ಕರಡು ನಕ್ಷೆಯ ಪುಸ್ತಕ.

"ಅಮ್ಮಾ, ನಾವು ಯಾರ ಪಾಲಿಗೆ ಬರ್ತೀವಿ, ಒಂಚೂರು ನೋಡಿ ಹೇಳಿ. ಪ್ರಚಾರಕ್ಕೆ ಬಂದ ಉತ್ತರದವರು, ನೀವು ನಮ್ಮೋರಲ್ಲ ಅಂದ್ರು. ಮಧ್ಯದವರು ಬಂದು ಅವರೂ ಅದನ್ನೇ ಅಂದ್ರು. ಗಂಡಿನ ಕಡೆಯೋರೂ ಕರೀಲಿಲ್ಲ, ಹೆಣ್ಣಿನ ಕಡೆಯೋರೂ ಕರೀಲಿಲ್ಲ ಅನ್ನೋ ಹಾಗಾಗಿದೆ ನಮ್ಮ ಕತೆ."

"ಹಾಗೆಲ್ಲಾದ್ರೂ ಇರುತ್ತಾ ಅಣ್ಣಾ" ಎಂದು ಅವಳು ನಕ್ಕಳು. "ಮನೆ ಎಲ್ಲಿ ನಿಮ್ದು?"

"ಹಳೇ ರೈಲು ಹಳಿಗೂ ಹೊಸ ಹಳಿಗೂ ಮಧ್ಯ. ನಾಲ್ಕು ಓಣಿ ಇದೆಯಲ್ಲ, ಅಲ್ಲಿ."

ಅವಳ ನಗು ಅಲ್ಲೇ ನಿಂತಿತು. ಉತ್ತರ ಕ್ಷೇತ್ರದ ನಕ್ಷೆಯನ್ನು ಅವಳು ಹೊಸ ಅಳತೆಯ ಹಾಳೆ ಇಟ್ಟುಕೊಂಡು ಬರೆದಿದ್ದಳು. ಮಧ್ಯದ್ದನ್ನು ಬರೆಯುವ ದಿನ ಹೊಸ ಹಾಳೆ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಉಗ್ರಾಣದವನ ಹತ್ತಿರ, ಉಗ್ರಾಣದವನು ಊಟಕ್ಕೆ ಹೋಗಿದ್ದ. ನಿರ್ದೇಶಕರು ಅವಸರ ಮಾಡುತ್ತಿದ್ದರು. ಮೇಜಿನ ಮೇಲಿದ್ದ ಹಳೆಯ ಹಾಳೆಯಿಂದಲೇ ಗೆರೆ ಎಳೆದುಬಿಟ್ಟಿದ್ದಳು. ಎರಡರಲ್ಲೂ 'ರೈಲು ಹಳಿಯವರೆಗೆ' ಎಂದೇ ಇತ್ತು. ಆದರೆ ಒಂದರ ಹಳಿ ಹೊಸದು, ಇನ್ನೊಂದರದು ಕಿತ್ತುಹಾಕಿ ಹತ್ತು ವರ್ಷವಾದದ್ದು. ನಡುವಿನ ಪಟ್ಟಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

"ನೋಡಿ ಹೇಳ್ತೀನಿ. ನಾಳೆ ಬನ್ನಿ" ಎಂದಳು. ಅವನು ಹೋದ ಮೇಲೆ ಎರಡೂ ಹಾಳೆಗಳನ್ನು ಕಿಟಕಿ ಗಾಜಿಗೆ ಒಂದರ ಮೇಲೊಂದು ಹಿಡಿದು ನೋಡಿದಳು. ಗೆರೆಗಳ ನಡುವೆ ಅಂಗುಲದ ಕಾಲುಭಾಗದಷ್ಟು ಬೆಳಕು ಬಿಟ್ಟುಕೊಂಡಿತ್ತು. ನಿರ್ದೇಶಕರ ಕೋಣೆಯ ಬಾಗಿಲ ತನಕ ಹೋದಳು. ಒಳಗೆ ಯಾರೋ ನಗುತ್ತಿದ್ದರು. ಹಾಗೇ ಹಿಂದಕ್ಕೆ ಬಂದಳು.

ಸಂಜೆ ಗಂಡ ಅವಳ ತಟ್ಟೆಯನ್ನೇ ನೋಡುತ್ತಿದ್ದ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಕಣ್ಣಿಗೆ ಬಿದ್ದದ್ದನ್ನು ಸುಮ್ಮನೆ ಬಿಡುವ ಪೈಕಿಯಲ್ಲ.

"ಏನಾಯ್ತೇ? ಕಲಸಿದ್ದು ಕಲಸಿದ ಹಾಗೇ ಇದೆ."

ಅವಳು ಎಲ್ಲ ಹೇಳಿದಳು.

"ನೀನಾಗಿ ಬಾಯಿ ಬಿಡಬೇಡ. ನಿವೃತ್ತಿಗೆ ಇನ್ನೆರಡೇ ವರ್ಷ. ಯಾರಾದ್ರೂ ಕೇಳಿದಾಗ ನೋಡ್ಕೊಂಡ್ರಾಯ್ತು."

"ಆ ಮನುಷ್ಯ ಕೇಳಿದನಲ್ಲ ರೀ."

"ಅವನೊಬ್ಬ ಕೇಳಿದ್ರೆ ಏನಂತೆ?"

"ಅವನಿಗೆ ನಾಳೆ ಬನ್ನಿ ಅಂದೆ. ಬಂದ್ರೆ ಏನು ಹೇಳಲಿ?"

ಗಂಡ ಎದ್ದು ತಟ್ಟೆಗಳನ್ನು ಎತ್ತಿಕೊಂಡು ಹೋದ. ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿಕೊಳ್ಳುವಾಗ ಅವನೇ ಬಾಗಿಲಿಗೆ ಬಂದ. "ಹೋಗಿ ಹೇಳಿಬಿಡು. ಇಲ್ಲಾಂದ್ರೆ ನೀನು ಎರಡು ವರ್ಷಾನೂ ಹೀಗೇ ಇರ್ತೀಯ. ನನ್ನ ಕೈಲಿ ನೋಡೋಕಾಗಲ್ಲ."

ಅವಳು ನೇರ ಕಚೇರಿಗೆ ಹೋಗಲಿಲ್ಲ. ಮೊದಲು ಆ ಓಣಿಗಳಿಗೆ ಹೋದಳು. ಅಷ್ಟು ವರ್ಷ ಊರನ್ನೆಲ್ಲ ಬರೆದವಳು ಈ ಕಡೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಹಳಿ ಕಿತ್ತ ದಿಬ್ಬದ ಮೇಲೆ ಬಟ್ಟೆ ಒಣಹಾಕಿದ್ದರು. ಹುಡುಗಿಯೊಬ್ಬಳು ಹಲ್ಲುಜ್ಜುತ್ತಲೇ ಶಾಲೆಯ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದಳು. ಹೊಲಿಗೆ ಯಂತ್ರವೊಂದು ಆಗಲೇ ಸದ್ದು ಮಾಡುತ್ತಿತ್ತು. ಗೆರೆಯಕ್ಕ ಬಾಗಿಲುಗಳನ್ನು ಎಣಿಸುತ್ತ ನಡೆದಳು.

"ಯಾರ್ ಬೇಕಿತ್ತಮ್ಮಾ?" ಎಂದು ಅಜ್ಜಿಯೊಬ್ಬಳು ಹೊಸಿಲ ಮೇಲಿಂದ ಕೇಳಿದಳು.

"ಯಾರೂ ಇಲ್ಲ ಅಜ್ಜಿ. ಸುಮ್ನೆ ನೋಡ್ತಿದ್ದೆ."

ಮುನ್ನೂರ ಹನ್ನೆರಡು ಮನೆ. ಕೊನೆಯ ಬಾಗಿಲು ಮುಟ್ಟಿದವಳೇ ಕಚೇರಿಯ ಬಸ್ಸು ಹಿಡಿದಳು.

ಎಂಟೂಮುಕ್ಕಾಲಿಗೆ ಅವಳು ನಿರ್ದೇಶಕರ ಮೇಜಿನ ಮೇಲೆ ಎರಡೂ ಹಾಳೆ ಹರಡಿದಳು. ಅವರು ಮೊದಲು ನಂಬಲಿಲ್ಲ. ಆಮೇಲೆ ಮುಖ ಕೆಂಪೇರಿತು.

"ಇಷ್ಟು ವರ್ಷ ಸರ್ವೀಸ್ ಮಾಡಿ ಹೀಗೆ ಮಾಡ್ತೀರೇನ್ರೀ? ಅದೂ ಇವತ್ತು ಬಂದು ಹೇಳ್ತೀರಾ? ನನ್ನ ಮರ್ಯಾದೆ ಮೂರಾಬಟ್ಟೆ ಆಯ್ತಲ್ಲ!"

"ತಪ್ಪು ನನ್ನದೇ ಸರ್. ನಿನ್ನೆ ಮಧ್ಯಾಹ್ನಾನೇ ಗೊತ್ತಾಗಿತ್ತು. ಹೇಳೋಕೆ ಧೈರ್ಯ ಸಾಲಲಿಲ್ಲ."

ನಿರ್ದೇಶಕರು ಬೈಯಲು ಬಾಯಿ ತೆರೆದವರು ಗಡಿಯಾರ ನೋಡಿ ಎದ್ದುನಿಂತರು. ಆದೇಶದ ತಪ್ಪು ಸರಿಪಡಿಸುವ ತಿದ್ದೋಲೆಯೊಂದನ್ನು ಅವರೇ ಬೆರಳಚ್ಚು ಮಾಡಿದರು: ನಾಲ್ಕೂ ಓಣಿಗಳನ್ನು ಉತ್ತರ ಕ್ಷೇತ್ರಕ್ಕೆ ಸೇರಿಸಿ ಓದಿಕೊಳ್ಳತಕ್ಕದ್ದು. ಅದಕ್ಕೆ ಸಹಿ ಹಾಕಿಸಲು ಇಬ್ಬರೂ ಕಾರಿನಲ್ಲಿ ಕ್ಷೇತ್ರ ವಿಂಗಡಣೆಯ ಆಯೋಗದ ಅಧ್ಯಕ್ಷೆಯ ಮನೆಗೆ ಹೋದರು. ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆ, ಕಿವಿ ಮಂದ. ಎರಡು ಸಲ ಓದಿ, ಕನ್ನಡಕದ ಮೇಲಿನಿಂದ ನೋಡಿದರು.

"ಗೆರೆ ಎಳೆದೋರು ಯಾರು?"

"ನಾನು" ಎಂದಳು ಗೆರೆಯಕ್ಕ. ಕೇಳಿಸಲಿಲ್ಲವೆಂದು ಇನ್ನೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು. ಅಧ್ಯಕ್ಷೆ ಸಹಿ ಹಾಕಿದರು.

ಸಂಸತ್ತಿಗೆ ಬಂದಾಗ ಹತ್ತೂವರೆ. ಕಾಗದಪತ್ರ ತೆಗೆದುಕೊಳ್ಳುವ ಗುಮಾಸ್ತ ತಿದ್ದೋಲೆಯನ್ನು ಮುಟ್ಟಲೂ ಇಲ್ಲ.

"ಇವತ್ತು ಮಂಡಿಸೋ ಕಾಗದಗಳ ಪಟ್ಟಿ ಹತ್ತಕ್ಕೇ ಮುಗೀತು. ಇನ್ನೇನಿದ್ರೂ ಸದಸ್ಯರು ಯಾರಾದ್ರೂ ಸಭೆಯಲ್ಲೇ ಎದ್ದು ಕೇಳಬೇಕು. ಅದೂ ಈ ಊರಿನ ಸದಸ್ಯರೇ ಆಗಬೇಕು."

ಈ ಊರಿನ ಸದಸ್ಯರೆಂದರೆ ಇದ್ದವರು ಒಬ್ಬರೇ. ಹೊಸ ಗೆರೆಗಳಿಂದ ಅವರ ಕ್ಷೇತ್ರ ಮೂರು ಹೋಳಾಗಿತ್ತು; ಮುಂದಿನ ಸಲ ಅವರಿಗೆ ಟಿಕೆಟ್ಟೇ ಇಲ್ಲ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಪಡಸಾಲೆಯ ಕೊನೆಯ ಬೆಂಚಿನಲ್ಲಿ ಕೂತು ಅವರು ಕಾಲಿನ ಬೂಟು ಸಡಿಲ ಮಾಡಿಕೊಳ್ಳುತ್ತಿದ್ದರು. ನಿರ್ದೇಶಕರು ಸುತ್ತಿಬಳಸಿ ಶುರುಮಾಡಿದರು. ಗೆರೆಯಕ್ಕ ನಡುವೆ ಬಾಯಿಹಾಕಿ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು.

"ಆ ಓಣಿಗಳು ಈಗ ಯಾರ ಕ್ಷೇತ್ರಕ್ಕೆ ಸೇರಿವೆ?" ಎಂದು ಅವರು ಕೇಳಿದರು.

"ಇವತ್ತಿನ ಮಟ್ಟಿಗೆ ನಿಮ್ಮದಕ್ಕೇ ಸರ್."

"ನನ್ನನ್ನ ಹೋಳು ಮಾಡಿದ್ದೂ ನೀವೇನಾ?"

"ಹೌದು."

ಅವರು ಕಾಗದ ಇಸಿದುಕೊಂಡು, ಬೂಟಿನ ದಾರ ಕಟ್ಟದೆಯೇ ಒಳಗೆ ಹೋದರು.

ಮೇಲಿನ ಗ್ಯಾಲರಿಯ ಕಟಕಟೆ ಹಿಡಿದು ಗೆರೆಯಕ್ಕ ಕೆಳಗೆ ನೋಡಿದಳು. ನೂರಾರು ತಲೆಗಳ ನಡುವೆ ಅವರದೊಂದು ತಲೆ. ಮಂತ್ರಿ ಆದೇಶ ಮಂಡಿಸಲು ಎದ್ದರು. ರಾಜಧಾನಿಯ ಸದಸ್ಯರು ಕೈ ಎತ್ತಿದರು. ಸಭಾಪತಿ ಗಮನಿಸಲಿಲ್ಲ. ಮತ್ತೆ ಎತ್ತಿದರು. ಪಕ್ಕದವರು ಮಾತಾಡುತ್ತಲೇ ಇದ್ದರು. ಮೂರನೆಯ ಸಲ ಅವರು ಕೈ ಎತ್ತುವ ಬದಲು ಎದ್ದೇ ನಿಂತು, "ಸ್ವಾಮೀ, ನನ್ನ ಊರಿನ ಮುನ್ನೂರ ಹನ್ನೆರಡು ಮನೆ ಬಿಟ್ಟುಹೋಗಿವೆ!" ಎಂದು ಕೂಗಿದರು. ಸಭೆ ನಕ್ಕಿತು. ಸಭಾಪತಿ ನಗಲಿಲ್ಲ, ಕಾಗದ ತರಿಸಿಕೊಂಡು ಓದಿ, ಆದೇಶವನ್ನು ತಿದ್ದೋಲೆ ಸಹಿತ ಮಂಡಿಸಲಾಗಿದೆ ಎಂದು ಬರೆಸಿದರು. ಎಲ್ಲ ಸೇರಿ ನಾಲ್ಕು ನಿಮಿಷವೂ ಆಗಿರಲಿಲ್ಲ. ಗೆರೆಯಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಕಾವಲಿನ ಹೆಂಗಸು ನೀರು ತಂದುಕೊಟ್ಟಳು. ಮಧ್ಯಾಹ್ನ ಕಿಟಕಿಗೆ ಬಂದ ಬೀಗದವನಿಗೆ, "ಉತ್ತರದ ಪಾಲಿಗೆ ಬರ್ತೀರಿ ಅಣ್ಣಾ" ಎಂದಳು.

ಮರುವಾರ ಅವಳಿಗೆ ಮೆಮೊ ಬಂತು. ತಪ್ಪು ಯಾಕಾಯಿತೆಂದು ಮೂರು ದಿನದಲ್ಲಿ ವಿವರಣೆ ಕೊಡಬೇಕಿತ್ತು. ಉಗ್ರಾಣದವನ ಊಟದ ಹೊತ್ತು, ನಿರ್ದೇಶಕರ ಅವಸರ, ಎಲ್ಲವನ್ನೂ ಬರೆಯಬಹುದಿತ್ತು. ಅವಳು ಎರಡು ಸಾಲು ಬರೆದಳು: ಹಳೆಯ ಹಾಳೆಯೆಂದು ತಿಳಿದೂ ಅದನ್ನೇ ಬಳಸಿದೆ. ಆ ಜಾಗಕ್ಕೆ ಹೋಗಿ ನೋಡಿರಲಿಲ್ಲ.

"ಇನ್ನೊಂದೆರಡು ಕಾರಣ ಸೇರಿಸ್ರೀ, ನಿಮಗೇ ಒಳ್ಳೇದು" ಎಂದು ನಿರ್ದೇಶಕರು ತಗ್ಗಿದ ದನಿಯಲ್ಲಿ ಹೇಳಿದರು. ಅವಳು ಸೇರಿಸಲಿಲ್ಲ. ಎಚ್ಚರಿಕೆ ಕೊಟ್ಟು ಅವಳನ್ನು ದಾಖಲೆ ಕೋಣೆಗೆ ಹಾಕಿದರು. ಕೊನೆಯ ಎರಡು ವರ್ಷ ಅವಳ ಕೈಗೆ ಪೆನ್ಸಿಲ್ ಬರಲಿಲ್ಲ. ರಜೆಯ ದಿನಗಳಲ್ಲಿ ಮಾತ್ರ ಗಂಡನನ್ನೂ ಎಬ್ಬಿಸಿಕೊಂಡು, ತಾನು ಹಿಂದೆ ಎಳೆದ ಗೆರೆಗಳ ಉದ್ದಕ್ಕೂ ನಡೆಯುತ್ತಿದ್ದಳು. ಅವನು ಕಾಲು ನೋವೆಂದು ಗೊಣಗುತ್ತ ಹಿಂದೆ ಬರುತ್ತಿದ್ದ. ದಕ್ಷಿಣದ ಗಡಿ ಸರಿಯಾಗಿತ್ತು. ಮಧ್ಯದ್ದನ್ನು ನಡೆದು ಮುಗಿಸುವುದು ಇನ್ನೂ ಅರ್ಧದಷ್ಟು ಬಾಕಿಯಿತ್ತು.