ಡಿಗ್ನಾಳ ಅಂಗೈ

ಆಂಟ್‌ವರ್ಪ್‌ನಲ್ಲಿ ತಾಮ್ರದ ತಗಡಿಗೆ ಮಸಿ ಬಳಿದು ಚಿತ್ರ ಅಚ್ಚು ಹಾಕುವವರು ಬೇಕಾದಷ್ಟು ಜನ ಇದ್ದರು. ಆ ಮಸಿಯನ್ನು ಒರೆಸಲು ಬಲ್ಲವಳು ಡಿಗ್ನಾ ಒಬ್ಬಳೇ. ಹೀಗಂದರೆ ಉಳಿದವರು ಮುಖ ಊದಿಸಿಕೊಳ್ಳುತ್ತಾರೆ, ಊದಿಸಿಕೊಳ್ಳಲಿ. ಅವಳ ಪಕ್ಕದಲ್ಲೇ ಅಚ್ಚಿನ ಚಕ್ರ ಎಳೆದವನು ನಾನು, ಕಣ್ಣಾರೆ ಕಂಡಿದ್ದೇನೆ. ಬಟ್ಟೆಯಿಂದ ಒರೆಸಿದ ಮೇಲೆ ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಸವರುತ್ತಿದ್ದಳು. ಮೇಲಿನ ಮಸಿ ಹೋಗಿ, ಕೊರೆದ ಗೆರೆಯೊಳಗಿನದು ಮಾತ್ರ ಹಾಳೆಗೆ ಬೀಳಲು ಉಳಿಯುತ್ತಿತ್ತು.

ಅವಳ ಗಂಡ ಗೊಮ್ಮಾರ್ ಕೆತ್ತನೆಗಾರ. ಮಗ ರೊಂಬೌಟ್ ಸೈನ್ಯಕ್ಕೆ ಸೇರಿ ಹೋದವನು ಹೆಣವಾಗಿಯೂ ಮರಳಲಿಲ್ಲ. ಆಗ ಗೊಮ್ಮಾರ್, ಬೈಬಲಿನಲ್ಲಿ ಸೂರ್ಯನನ್ನೇ ನಿಲ್ಲಿಸಿದ ಯೆಹೋಶುವನ ಯುದ್ಧದ ಚಿತ್ರ ಮಾಡುತ್ತಿದ್ದ. ಮೇಲೆ ನಿಂತುಹೋದ ಸೂರ್ಯ, ಕೆಳಗೆ ಕುದುರೆಗಳ ತುಳಿತ. ಮೂಲೆಯಲ್ಲಿ ಬಿದ್ದ ಸೈನಿಕನೊಬ್ಬನಿಗೆ ಮಗನ ಮುಖ ಕೊಟ್ಟು, ತಗಡಿಗೆ ಬಳಿದ ಮೇಣದ ಮೇಲೆ ಗೀರಿ, ಗೀರಿದಲ್ಲೆಲ್ಲ ತಾಮ್ರ ಕೊರೆಯಲೆಂದು ತಗಡನ್ನು ಆಮ್ಲಕ್ಕಿಳಿಸಿದ. ಅದೇ ಚಳಿಗಾಲ ಅವನೂ ತೀರಿಕೊಂಡ. ಹುಡುಗನ ಬೇರೆ ಚಿತ್ರ ಇರಲಿಲ್ಲ.

“ಒಂದು ಹಾಳೆ ಎತ್ತಿಟ್ಕೊಳ್ಳೇ,” ಅಂತ ಎಷ್ಟು ಸಲ ಬಡಕೊಂಡೆ.

“ದಿನಾ ನನ್ ಕೈಯಲ್ಲೇ ಇರ್ತಾನಲ್ಲ, ಕಾಗದ ಯಾಕಣ್ಣ?” ಅನ್ನುತ್ತಿದ್ದಳು. ಆ ಮೂಲೆಗೆ ಬಂದಾಗ ಅವಳ ಕೈ ನಿಧಾನವಾಗುತ್ತಿತ್ತು. ಬೇಕಿಲ್ಲದಿದ್ದರೂ ಇನ್ನೊಮ್ಮೆ ಸವರುತ್ತಿದ್ದಳು, ಮಲಗಿದ ಮಗುವಿನ ತಲೆ ನೇವರಿಸಿದ ಹಾಗೆ.

ಚಿತ್ರಕ್ಕೆ ಗಿರಾಕಿಗಳು ಮುಗಿಬಿದ್ದರು. ವರ್ಷಗಳು ಕಳೆದವು. ತಗಡಿನ ಸವೆತ ದಿನದಿನಕ್ಕೆ ಕಣ್ಣಿಗೆ ಬೀಳುವಂಥದ್ದಲ್ಲ. ಒಂದು ಬೆಳಿಗ್ಗೆ ಅಚ್ಚುಮನೆಯ ಧಣಿ ಲೌರೆಯ್ಸ್ ಆಗಷ್ಟೇ ಅಚ್ಚಾದ ಹಸಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.

“ಕುದುರೆ ಲಾಳದ ಮೊಳೆ ಕೂಡ ಕಾಣುತ್ತೆ. ಈ ಮೂಲೆಯವನಿಗೆ ಮಾತ್ರ ಮುಖಾನೇ ಇಲ್ಲ. ಯಾಕಮ್ಮ?”

ಡಿಗ್ನಾ ಹಾಳೆ ನೋಡಿದಳು, ಆಮೇಲೆ ತನ್ನ ಅಂಗೈ. ತಾಮ್ರ ಸವರಿದಷ್ಟೂ ಸವೆಯುತ್ತದೆ. ಅದನ್ನು ನಮ್ಮ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ನಾನೇ, ಧಣಿ,” ಅಂದಳು. “ನಾನೇ ಸವೆಸಿಬಿಟ್ಟೆ.”

“ಹೋಗ್ಲಿ ಬಿಡು. ನಾಳೆ ಕೆತ್ತನೆಯವನು ಬಂದು ಹೊಸ ಮುಖ ಹಾಕ್ತಾನೆ.”

“ಅದಕ್ಕೆ ಮುಂಚೆ ಒಂದು ಹಾಳೆ ನಂಗೆ ಕೊಡಿ.”

ಧಣಿ ಆಗಲಿ ಅಂತ ತಲೆಯಾಡಿಸಿದ. ಅವಳು ತಗಡಿಗೆಲ್ಲ ಮಸಿ ತುಂಬಿ ಒರೆಸುತ್ತ ಬಂದಳು: ಸೂರ್ಯ, ಯೆಹೋಶುವ, ಈಟಿಗಳು, ಕುದುರೆಗಳು. ಮೂಲೆಯ ಹತ್ತಿರ ಬಂದು ಕೈ ಹಿಂದಕ್ಕೆ ತೆಗೆದುಕೊಂಡಳು.

“ಅಲ್ಲಿ ಮಸಿ ಹಾಗೇ ಇದೆಯಲ್ಲೇ,” ಅಂದೆ. “ಬರೀ ಕಪ್ಪು ಬೀಳುತ್ತೆ.”

“ಬೀಳ್ಲಿ. ಇನ್ನು ಅವನನ್ನ ಮುಟ್ಟಲ್ಲ. ನೀನು ಎಳಿ ಅಣ್ಣ.”

ನಾನು ಚಕ್ರ ಎಳೆದೆ.